ಎಡಗೈಗೆ ಉಳಿ ಮರಳಿ ಕೊಟ್ಟವರಿಗೆ

ಮೊನ್ನೆ ಶುಕ್ರವಾರ ಮೂರಡಿ ಎತ್ತರದ ಗಣಪತಿ ನಮ್ಮ ಶೆಡ್ಡಿನಿಂದ ಟೆಂಪೋ ಹತ್ತಿ ಹೊರಟ. 14 ತಿಂಗಳ ನಂತರ ನಾನು ಮುಗಿಸಿದ ಮೊದಲ ಕಲ್ಲಿನ ಕೆಲಸ ಅದು. ಟೆಂಪೋ ತಿರುವು ದಾಟುವವರೆಗೂ ನಿಂತು ನೋಡಿದೆ. ಕಣ್ಣೀರು ತಡೆಯಲಾಗಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಳೆದ ವರ್ಷ ಲಾರಿಯಿಂದ ಇಳಿಸುವಾಗ ಕಲ್ಲು ಜಾರಿ ನನ್ನ ಎಡಗೈ ಮಣಿಕಟ್ಟಿನ ಮೇಲೆ ಬಿತ್ತು. ನರ ತುಂಡಾಯಿತು. "ಸದ್ಯ, ಬಲಗೈಗೆ ಏನೂ ಆಗಲಿಲ್ವಲ್ಲ" ಅಂತ ಬಂದವರೆಲ್ಲ ಸಮಾಧಾನ ಹೇಳಿದರು. ಆದರೆ ನಮ್ಮ ಕೆಲಸದಲ್ಲಿ ಬಲಗೈ ಸುತ್ತಿಗೆ ಹೊಡೆಯುತ್ತದೆ, ಅಷ್ಟೇ. ಉಳಿ ಹಿಡಿಯುವುದು ಎಡಗೈ. ಎಷ್ಟು ಓರೆ ಮಾಡಬೇಕು, ಕಲ್ಲು ಎಲ್ಲಿ ಗಟ್ಟಿ, ಎಲ್ಲಿ ಚಕ್ಕೆ ಹಾರಿಬಿಡುತ್ತದೆ, ಇದೆಲ್ಲ ಆ ಬೆರಳುಗಳಿಗೇ ಮೊದಲು ತಿಳಿಯುವುದು. ನನ್ನ ಹೆಬ್ಬೆರಳು, ತೋರುಬೆರಳಿಗೆ ಬಿಸಿ ಲೋಟವೂ ಗೊತ್ತಾಗುತ್ತಿರಲಿಲ್ಲ.

ಹೊಲಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ ಅಂತ ಫಿಸಿಯೋಥೆರಪಿ ಮಾಡುವ ಹುಡುಗಿ ಹೇಳಿದಳು. ಮನೆಗೆ ಬಂದು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಅಳೆದೆ. 18 ಸೆಂಟಿಮೀಟರ್. ಅಂದರೆ ಆರು ತಿಂಗಳು. ಅಳತೆ ಸಿಕ್ಕರೆ ಶಿಲ್ಪಿಗೆ ಧೈರ್ಯ ಬರುತ್ತದೆ. ಆ ಹುಡುಗಿಗೆ ಕೈ ಮುಗಿಯುತ್ತೇನೆ.

ಪಕ್ಕದೂರಿನ ಕುಂಬಾರರ ಅಜ್ಜಿಗೆ ಏನು ಹೇಳಲಿ? ಯಾರೂ ಕೇಳದೆಯೇ ಒಂದು ಬುಟ್ಟಿ ಕೆರೆಮಣ್ಣು ತಂದು ಜಗಲಿ ಮೇಲಿಟ್ಟರು. "ಮೂರ್ತಿ ಗೀರ್ತಿ ಏನೂ ಬೇಡ, ಸುಮ್ನೆ ಕಲ್ಲು ಹೆಕ್ಕು" ಅಂದರು. ಮಣ್ಣು ತುಳಿದು ನಾದುವಾಗ ಹರಳು ಉಳಿಯಬಾರದು, ಉಳಿದರೆ ಒಣಗುವಾಗ ಅಲ್ಲೇ ಬಿರುಕು ಬಿಡುತ್ತದೆ. ದಿನಾ ಬೆಳಗ್ಗೆ ಎಡಗೈಯಲ್ಲಿ ಚಿಟಿಕೆ ಚಿಟಿಕೆಯಾಗಿ ಮಣ್ಣು ತಿಕ್ಕುತ್ತಾ ಕೂತೆ. ತಿಂಗಳುಗಟ್ಟಲೆ ಏನೂ ಇಲ್ಲ. ಒಂದು ದಿನ ತೋರುಬೆರಳ ಕೆಳಗೆ ಏನೋ ಚುಚ್ಚಿದ ಹಾಗಾಯಿತು. ಬಿಡಿಸಿ ನೋಡಿದರೆ ಸಾಸಿವೆಗಿಂತ ಚಿಕ್ಕ ಹರಳು! ಅದನ್ನು ಕಾಗದದಲ್ಲಿ ಸುತ್ತಿ ದೇವರ ಮನೆಯಲ್ಲಿಟ್ಟಿದ್ದೇನೆ.

ಆಮೇಲೆ ಮರ. ಬಡಗಿ ಗೆಳೆಯ ಚೆನ್ನಾಗಿ ಒಣಗಿದ ಹಲಸಿನ ತುಂಡುಗಳನ್ನು ಕೊಟ್ಟ, ದುಡ್ಡು ಮುಟ್ಟಲಿಲ್ಲ. ಮರದ ಕೊಡತಿಯಲ್ಲಿ ಹೊಡೆದರೆ ಮಣಿಕಟ್ಟಿಗೆ ಏಟು ಜಾಸ್ತಿ ತಾಗುವುದಿಲ್ಲ. ಆದರೆ ನಾರಿಗೆ ಎದುರಾಗಿ ಉಳಿ ಹೋದರೆ ಮರ ಸಿಗಿದು ಬರುತ್ತದೆ. ಕೈ ಮತ್ತೆ ಎಚ್ಚರ ಕಲಿತದ್ದು ಅಲ್ಲಿ.

ಸೋಮನಾಥಪುರದ ಮೂರ್ತಿಗಳ ಕೆಳಗೆ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ, ನೋಡಿದ್ದೀರಲ್ವಾ? ಅವನ ಉಳಿಗಳನ್ನು ಕಾಯಿಸಿ, ಬಡಿದು, ಹದ ಕೊಟ್ಟವನ ಹೆಸರು ನಾನು ಎಲ್ಲೂ ಕಂಡಿಲ್ಲ. ನಮ್ಮ ಕುಲುಮೆಯಣ್ಣ ಈ 14 ತಿಂಗಳೂ ನನ್ನ ಉಳಿಗಳನ್ನು ತಾನೇ ಒಯ್ದು, ತುಕ್ಕು ತೆಗೆದು, ಎಣ್ಣೆ ಸವರಿ ತಂದಿಡುತ್ತಿದ್ದ. "ಬೇಕಾಗುತ್ತೆ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಕಲ್ಲಿಗೆ ಹೆದರಿದ್ದೆ, ಅದು ನಿಜ. ನಾನು ಕೆಲಸ ಕಲಿತದ್ದು ಕೋಲಾರ ಜಿಲ್ಲೆಯ ಶಿಲ್ಪಿಗಳ ಊರು ಶಿವಾರಪಟ್ಟಣದಲ್ಲಿ. ಅಲ್ಲಿಂದ ಹಿರಿಯರೊಬ್ಬರು ಬಸ್ಸು ಹತ್ತಿ ಬಂದರು. ಕೃಷ್ಣಶಿಲೆ ಅನ್ನುವ ಕಪ್ಪು ಕಲ್ಲಿಗೆ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕೇಳಿದರು. ಗಂಟೆಯ ಹಾಗೆ ನಾದ ಬಂತು. ಬಿರುಕಿದ್ದರೆ ಡಬ್ ಅನ್ನುತ್ತದೆ. ಕೊಡ ನೀರು ಸುರಿದು ಆರುವವರೆಗೂ ಕೂತರು. ಒಳಬಿರುಕಿದ್ದ ಕಡೆ ಕಲ್ಲೆಲ್ಲ ಒಣಗಿದ ಮೇಲೂ ಒದ್ದೆ ಗೆರೆ ಉಳಿಯುತ್ತದೆ. ಉಳಿಯಲಿಲ್ಲ. "ಕಲ್ಲು ಚೆನ್ನಾಗಿದೆ, ನೀನೂ ಚೆನ್ನಾಗಿದ್ದೀಯ" ಅಂದು, ಉಳಿ ತೆಗೆದು ನನ್ನ ಎಡಗೈಗೇ ಕೊಟ್ಟರು.

ಅಡ್ವಾನ್ಸ್ ಕೊಟ್ಟು ಒಂದು ಸಲವೂ ಫೋನಿನಲ್ಲಿ "ಯಾವಾಗ?" ಅನ್ನದ ದೇವಸ್ಥಾನದವರಿಗೆ, ರಾತ್ರಿಯೆಲ್ಲ ಕೈ ನೀವಿದ ನನ್ನ ಹೆಂಡತಿಗೆ, ಶೆಡ್ಡಿನ ಬಾಗಿಲು ಒಂದು ದಿನವೂ ಮುಚ್ಚದ ಹುಡುಗರಿಗೆ, ಎಲ್ಲರಿಗೂ ನಾನು ಋಣಿ.

ಆಷಾಢ ಕಳೆದ ಮೇಲೆ ಹೊಸ ಕಲ್ಲು ಬರುತ್ತದೆ. ಅರಿಶಿನ ಕುಂಕುಮ ಇಟ್ಟು ಮೊದಲ ಏಟು ಹಾಕುವ ದಿನ ನೀವೆಲ್ಲ ಬರಬೇಕು. ಅಜ್ಜಿಯನ್ನು ಕರೆತರಲು ಆಟೋ ಹೇಳಿದ್ದೇನೆ.