ಮಗಳಿಗೊಂದು ಪತ್ರ: ಪಾಪನಿವೇದನೆಗೆ ಹೋಗುವ ಮುಂಚೆ

ಪುಟ್ಟಿ,

ಚರ್ಚಿನ ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆ ಬಿಟ್ಟು ಐದಾರು ವರ್ಷವಾಯಿತು, ಈಗ ಹೋದರೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಐದಾರು ವರ್ಷದ್ದನ್ನೆಲ್ಲ ದಿನದಿನದ ಲೆಕ್ಕದಲ್ಲಿ ಒಪ್ಪಿಸಬೇಕು ಅನ್ನುವ ಭಯವನ್ನು ಮೊದಲು ಬಿಡು. ನಮ್ಮ ಕಥೋಲಿಕ ಧರ್ಮಸಭೆಯ 1983ರ ನಿಯಮಸಂಹಿತೆ ಕಡ್ಡಾಯವಾಗಿ ಕೇಳುವುದು ಮಾರಕ ಪಾಪಗಳನ್ನು ಮಾತ್ರ, ಅದೂ ಯಾವ ಬಗೆಯ ಪಾಪ, ಎಷ್ಟು ಸಲ ಅನ್ನುವಷ್ಟು. ಪಾಪ ಮಾರಕವಾಗಬೇಕಾದರೆ ಮೂರೂ ಸೇರಬೇಕು: ವಿಷಯ ಗಂಭೀರವಾಗಿರಬೇಕು, ಗಂಭೀರವೆಂದು ನಿನಗೆ ಗೊತ್ತಿರಬೇಕು, ಗೊತ್ತಿದ್ದೂ ಸ್ವಂತ ಮನಸ್ಸಿನಿಂದ ಮಾಡಿರಬೇಕು. ನೈಟ್ ಶಿಫ್ಟಿನಿಂದಾಗಿ ಭಾನುವಾರದ ಬಲಿಪೂಜೆಗೆ (ಚರ್ಚಿನ ಮಾಸ್‌ಗೆ) ಹೋಗಲು ನಿಜವಾಗಿಯೂ ಆಗದೇ ಹೋದದ್ದು ಈ ಪಟ್ಟಿಗೆ ಬರುವುದಿಲ್ಲ. ರಜೆಯಿದ್ದೂ ಸೋಮಾರಿತನಕ್ಕೆ ಮಲಗಿದ್ದರೆ ಬರುತ್ತದೆ. ಸಿಡುಕು, ಚಿಕ್ಕಪುಟ್ಟ ಸುಳ್ಳು ಲಘು ಪಾಪಗಳು. ಅವನ್ನೂ ಹೇಳುವುದು ಒಳ್ಳೆಯದೇ, ಆದರೆ ಕಡ್ಡಾಯವಲ್ಲ.

ಹಿಂದಿನ ದಿನ ಹತ್ತು ನಿಮಿಷ ಕೂತು ದಶಾಜ್ಞೆಗಳನ್ನು ಒಂದೊಂದಾಗಿ ನೋಡಿಕೊಂಡು ಹೋಗು. ಬೇಕಿದ್ದರೆ ಚೀಟಿ ಬರೆದುಕೋ, ಆಮೇಲೆ ಹರಿದು ಹಾಕು. ಮೊಬೈಲಿನಲ್ಲಿ ಬರೆದುಕೊಳ್ಳುವುದು ನನಗೆ ಇಷ್ಟವಿಲ್ಲ. ಅಳಿಸಿದೆ ಅಂದುಕೊಂಡದ್ದು ಎಲ್ಲೆಲ್ಲೋ ಉಳಿದಿರುತ್ತದೆ.

ಒಳಗೆ ಹೋದಮೇಲೆ ಕೆಲಸ ಸರಳ. ಶಿಲುಬೆಯ ಗುರುತು ಹಾಕಿಕೊಂಡು, "ಸ್ವಾಮಿ, ಆಶೀರ್ವದಿಸಿ, ನಾನು ಪಾಪ ಮಾಡಿದ್ದೇನೆ. ಪಾಪನಿವೇದನೆ ಮಾಡಿ ಸುಮಾರು ಆರು ವರ್ಷವಾಯಿತು" ಅನ್ನು. ಆ ಎರಡನೇ ಮಾತನ್ನು ನುಂಗಬೇಡ. ಕೇಳಿಸಿಕೊಂಡವರು ಅವಸರ ಮಾಡುವುದಿಲ್ಲ, ಬೇಕಾದಲ್ಲಿ ತಾವೇ ಪ್ರಶ್ನೆ ಕೇಳಿ ನಡೆಸಿಕೊಂಡು ಹೋಗುತ್ತಾರೆ. ಪದ್ಧತಿ ಮರೆತಿದ್ದರೆ ಮರೆತಿದ್ದೇನೆ ಅನ್ನು, ಅಷ್ಟೇ.

ಹೆಚ್ಚಿನವರು ಎಡವುವುದು ಪಾಪ ಹೇಳುವ ರೀತಿಯಲ್ಲಿ. "ಸ್ವಲ್ಪ ಪ್ರಾಮಾಣಿಕತೆ ಕಡಿಮೆಯಾಯಿತು" ಅಂದರೆ ಗುರುಗಳಿಗೆ ಏನೂ ತಿಳಿಯುವುದಿಲ್ಲ. "ಕಚೇರಿಗೆ ಸುಳ್ಳು ಬಿಲ್ ಕೊಟ್ಟು ದುಡ್ಡು ತೆಗೆದುಕೊಂಡೆ, ನಾಲ್ಕು ಸಲ, ಒಟ್ಟು ಹನ್ನೆರಡು ಸಾವಿರ" ಅಂದರೆ ತಿಳಿಯುತ್ತದೆ. ಸಂಖ್ಯೆ ನೆನಪಿಲ್ಲದಿದ್ದರೆ "ಒಂದು ವರ್ಷ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ" ಅಂದರೂ ಸಾಕು. ಪಾಪದ ಸ್ವರೂಪವನ್ನೇ ಬದಲಿಸುವ ಸಂಗತಿಯಿದ್ದರೆ ಅದನ್ನೂ ಹೇಳಬೇಕು. ಬರೀ ಸುಳ್ಳು ಬೇರೆ, ನ್ಯಾಯಾಲಯದಲ್ಲಿ ಆಣೆಯಿಟ್ಟು ಹೇಳಿದ ಸುಳ್ಳು ಬೇರೆ. ಉಳಿದ ಕಥೆ ಬೇಡ. ಅತ್ತೆ ಹೀಗಂದರು, ಮ್ಯಾನೇಜರ್ ಹಾಗೆ ಮಾಡಿದ ಅನ್ನುವುದು ಅವರ ಪಾಪನಿವೇದನೆಯಾಗುತ್ತದೆ, ನಿನ್ನದಲ್ಲ. ಜೊತೆಗೂಡಿ ಪಾಪ ಮಾಡಿದವರ ಹೆಸರನ್ನಂತೂ ಹೇಳಲೇಬೇಡ. ಅದನ್ನು ಕೇಳಕೂಡದೆಂದು ಗುರುಗಳಿಗೇ ನಿಯಮವಿದೆ.

ಮರೆತು ಬಿಟ್ಟುಹೋದ ಪಾಪ ಉಳಿದವುಗಳ ಜೊತೆಗೇ ಕ್ಷಮೆಯಾಗುತ್ತದೆ. ಅದು ಗಂಭೀರವಾದದ್ದಾಗಿದ್ದರೆ ಮುಂದಿನ ಸಲ ಹೇಳಿದರಾಯಿತು. ಬೇಕೆಂದೇ ಒಂದು ಮಾರಕ ಪಾಪವನ್ನು ಮುಚ್ಚಿಟ್ಟರೆ ಮಾತ್ರ ಇಡೀ ಪಾಪನಿವೇದನೆಯೇ ಅಸಿಂಧು, ಹೇಳಿದ ಪಾಪಗಳೂ ಕ್ಷಮೆಯಾಗಿರುವುದಿಲ್ಲ. ಅದಕ್ಕೇ ಹೇಳಲು ನಾಚಿಕೆಯಾಗುವುದನ್ನು ಮೊದಲೇ ಹೇಳಿಬಿಡು.

ಗುಟ್ಟಿನ ಬಗ್ಗೆ ನಿನಗೆ ಅನುಮಾನವಿದೆ ಅಂತ ಗೊತ್ತು. ಕೇಳಿದ್ದನ್ನು ಗುರುಗಳು ಮಾತಿನಿಂದಾಗಲಿ, ಸನ್ನೆಯಿಂದಾಗಲಿ ಯಾರಿಗೂ ತಿಳಿಸುವಂತಿಲ್ಲ. ಪೊಲೀಸರಿಗೂ ಇಲ್ಲ, ಧರ್ಮಾಧ್ಯಕ್ಷರಿಗೂ (ಬಿಷಪ್ಪರಿಗೂ) ಇಲ್ಲ. ನೇರವಾಗಿ ಬಯಲು ಮಾಡಿದರೆ ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕಾರ, ಅದನ್ನು ತೆಗೆಯುವ ಅಧಿಕಾರ ರೋಮಿನ ಪೋಪರ ಪೀಠದ್ದು. ಹೊರಗೆ ಬಂದಮೇಲೆ ನಿನ್ನ ಒಪ್ಪಿಗೆಯಿಲ್ಲದೆ ನಿನ್ನ ಹತ್ತಿರವೂ ಆ ವಿಷಯ ಎತ್ತುವಂತಿಲ್ಲ. ಈ ಕಟ್ಟು ಗುರುಗಳಿಗೆ, ನಿನಗಲ್ಲ. ಯಾರಾದರೂ ಅಲ್ಲಿ ಕೂತು ಅಸಭ್ಯವಾಗಿ ಮಾತಾಡಿದರೆ, ಬೇರೆಡೆ ಭೇಟಿಯಾಗು ಅಂದರೆ, ಪಾಪ ಹಿಡಿದುಕೊಂಡು ಹೆದರಿಸಿದರೆ, ಅರ್ಧಕ್ಕೇ ಎದ್ದು ಬಾ. ನನಗೆ ಹೇಳು, ಧರ್ಮಾಧ್ಯಕ್ಷರಿಗೆ ದೂರು ಕೊಡು, ಪೊಲೀಸರ ಹತ್ತಿರವೂ ಹೋಗಬಹುದು. ಅದು ಧರ್ಮಸಭೆಯ ಕಾನೂನಿನಲ್ಲೂ ಶಿಕ್ಷಾರ್ಹ ಅಪರಾಧ. ಮುಖ ತೋರಿಸಲು ಮನಸ್ಸಿಲ್ಲದಿದ್ದರೆ ಜಾಲರಿಯ ಹಿಂದೆ ಮಂಡಿಯೂರು. ನಡುವೆ ಜಾಲರಿಯಿರುವ ಪೀಠ ಬೇಕೆಂದವರಿಗೆ ಸಿಗಬೇಕು ಅನ್ನುವುದೂ ನಿಯಮವೇ.

ನೀನು ಹೇಳಿ ಮುಗಿಸಿದ ಮೇಲೆ ಗುರುಗಳು ಎರಡು ಮಾತು ಹೇಳಿ ಪ್ರಾಯಶ್ಚಿತ್ತ ಕೊಡುತ್ತಾರೆ. ಸಾಮಾನ್ಯವಾಗಿ ಪ್ರಭುಪ್ರಾರ್ಥನೆ, ನಮೋ ಮರಿಯ, ಇಲ್ಲವೇ ಬೈಬಲಿನ ಒಂದು ಭಾಗ ಓದುವುದು. ನಿನ್ನಿಂದಾಗದ ಪ್ರಾಯಶ್ಚಿತ್ತ ಕೊಟ್ಟರೆ ಅಲ್ಲೇ ಹೇಳಿ ಬದಲಿಸಿಕೋ. ಆಮೇಲೆ ಪಶ್ಚಾತ್ತಾಪದ ಪ್ರಾರ್ಥನೆ. ಬಾಯಿಗೆ ಬರದಿದ್ದರೆ ಸ್ವಂತ ಮಾತಿನಲ್ಲೇ ದೇವರಲ್ಲಿ ಕ್ಷಮೆ ಕೇಳು, ಇನ್ನು ಮಾಡುವುದಿಲ್ಲ ಅನ್ನು. ಮತ್ತೆ ಬೀಳಬಹುದೆಂಬ ಅಳುಕು ಇದ್ದರೆ ಅಡ್ಡಿಯಿಲ್ಲ. ಬಿಡುವ ಮನಸ್ಸೇ ಇಲ್ಲದಿದ್ದರೆ ಮಾತ್ರ ಕ್ಷಮಾಪಣೆ ಕೊಡುವಂತಿಲ್ಲ. "ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ" ಎಂದು ಮುಗಿಸಿದಾಗ ಆಮೆನ್ ಅಂದು ಎದ್ದು ಬಾ. ಪ್ರಾಯಶ್ಚಿತ್ತವನ್ನು ಅಲ್ಲೇ ಬೆಂಚಿನಲ್ಲಿ ಕೂತು ಮುಗಿಸು, ಮನೆಗೆ ಹೊತ್ತುಕೊಂಡು ಹೋದರೆ ಮರೆತೇ ಹೋಗುತ್ತದೆ. ಆದರೆ ಕ್ಷಮೆ ಸಿಕ್ಕಿತೆಂದು ಸಾಲ ತೀರುವುದಿಲ್ಲ. ಆ ಹನ್ನೆರಡು ಸಾವಿರವನ್ನು ವಾಪಸ್ ಕೊಡಲೇಬೇಕು. ಹೆಸರು ಹೇಳದೆ ಹೇಗೆ ಕೊಡಬಹುದು ಅಂತ ಗುರುಗಳನ್ನೇ ಕೇಳು, ದಾರಿ ಹೇಳುತ್ತಾರೆ.

ಫೋನಿನಲ್ಲೋ ವಿಡಿಯೋ ಕಾಲಿನಲ್ಲೋ ಮಾಡಲು ಬರುವುದಿಲ್ಲ, ಎದುರಿಗೇ ಇರಬೇಕು. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಬಲಿಪೂಜೆ ನಡೆಯುವ ಚರ್ಚುಗಳು ಬೇಕಾದಷ್ಟಿವೆ. ನಿನ್ನ ಬಾಯಿಗೆ ಸಲೀಸಾದ ಭಾಷೆಯಲ್ಲಿ ಹೇಳು. ನಿಮ್ಮ ಧರ್ಮಕೇಂದ್ರದ (ಪ್ಯಾರಿಷ್‌ನ) ಗುರುಗಳೇ ಆಗಬೇಕೆಂದಿಲ್ಲ, ಅಧಿಕಾರವಿರುವ ಯಾವ ಗುರುವಾದರೂ ಆದೀತು. ಗುಡ್ ಫ್ರೈಡೆಯ ವಾರಕ್ಕೆ ಕಾಯಬೇಡ. ಆಗ ಸಾಲು ಬಾಗಿಲಾಚೆಗೆ ಬಂದಿರುತ್ತದೆ, ನಿನ್ನಂಥ ಆರು ವರ್ಷದವರಿಗೆ ಎರಡು ನಿಮಿಷ ಸಾಲದು. ಚರ್ಚಿನ ಕಚೇರಿಗೆ ಫೋನ್ ಮಾಡಿ, "ತುಂಬಾ ವರ್ಷವಾಗಿದೆ, ಸ್ವಲ್ಪ ಸಮಯ ಬೇಕು" ಅಂತ ಕೇಳಿ ವಾರದ ನಡುವೆ ಹೋಗು. ಅಲ್ಲಿಯವರೆಗೆ ಭಾನುವಾರ ಪೂಜೆಗೆ ಹೋಗು, ಪರಮಪ್ರಸಾದ (ಕಮ್ಯುನಿಯನ್) ತೆಗೆದುಕೊಳ್ಳುವ ಸಾಲಿಗೆ ಮಾತ್ರ ಏಳಬೇಡ. ಯಾಕೆ ಕೂತೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಅವರ ಪಟ್ಟಿಗೆ.

ನಿನ್ನ
ಅಮ್ಮ