ಗೆಳೆಯನಿಗೊಂದು ಪತ್ರ: ಹಾಸಿಗೆಯಲ್ಲಿ ಕೂತ ಪೋಪ್

ಪ್ರೀತಿಯ ಗೆಳೆಯಾ,

ಹೋದ ಸಲ ಸಿಕ್ಕಾಗ, ಹದಿನೇಳನೆಯ ಶತಮಾನದ ಯುರೋಪಿನ ಬರೋಕ್ ಕಲೆ ಅಂದ್ರೆ ಬರೀ ಚಿನ್ನದ ಲೇಪ, ದೇವದೂತರು, ಭಾರೀ ಚರ್ಚುಗಳು ಅಷ್ಟೇ ತಾನೇ ಅಂದೆಯಲ್ಲ. ಅವತ್ತಿನಿಂದ ಆ ಕಾಲದ ಒಂದು ಪುಟ್ಟ ವ್ಯಂಗ್ಯಚಿತ್ರದ ಬಗ್ಗೆ ನಿನಗೆ ಹೇಳಬೇಕು ಅನ್ನಿಸುತ್ತಲೇ ಇದೆ.

ರೋಮ್‌ನ ಸೇಂಟ್ ಪೀಟರ್ಸ್ ಚೌಕದ ಕಂಬಸಾಲು ಇದೆಯಲ್ವಾ, ಅದನ್ನು ರೂಪಿಸಿದ ಶಿಲ್ಪಿ ಬರ್ನಿನಿಯೇ ಈ ಚಿತ್ರ ಬರೆದದ್ದು. ಆಗ ಅವನಿಗೆ ಎಂಬತ್ತರ ಹತ್ತಿರ. ಎದುರಿಗಿದ್ದವರು 1676ರಲ್ಲಿ ಪೋಪ್ ಆದ ಹನ್ನೊಂದನೆಯ ಇನ್ನೊಸೆಂಟ್. ದಿಂಬಿಗೆ ಒರಗಿ ಹಾಸಿಗೆಯಲ್ಲಿ ಕೂತಿದ್ದಾರೆ. ತಲೆ ಮೇಲೆ ಎತ್ತರದ ಟೋಪಿ, ಅದರ ಕೆಳಗೆ ಉದ್ದ ಮೂಗು. ಕಡ್ಡಿಯಂಥ ಬೆರಳು ಎತ್ತಿದ್ದಾರೆ. ಥೇಟ್ ಮಿಡತೆ! ನಗು ಬರುತ್ತದೆ, ಆದರೆ ಆ ಮುದುಕರ ಮೇಲೆ ಕನಿಕರವೂ ಹುಟ್ಟುತ್ತದೆ. ನನಗೆ ಇಷ್ಟವಾಗೋದು ಅದೇ. ಚಿತ್ರ ಈಗ ಜರ್ಮನಿಯ ಲೈಪ್ಜಿಗ್‌ನಲ್ಲಿದೆ.

ಇದೇ ಬರ್ನಿನಿ 1632ರಲ್ಲಿ ಕಾರ್ಡಿನಲ್ ಬೋರ್ಗೀಸೆಯ ಮುಖವನ್ನು ಅಮೃತಶಿಲೆಯಲ್ಲಿ ಕೆತ್ತಿದ. ಹಣೆಯಲ್ಲಿ ಬಿರುಕು ಕಾಣಿಸಿತು ಅಂತ ಇನ್ನೊಂದನ್ನೂ ಕೆತ್ತಿದ. ಅದೇ ಗುಂಡು ಮುಖವನ್ನು ಶಾಯಿಯ ಕೆಲವೇ ಗೆರೆಗಳಲ್ಲೂ ಹಿಡಿದಿದ್ದಾನೆ.

ಇಂಥ ಚಿತ್ರಗಳಿಗೆ ಅವನಿಗಿಂತ ಮೊದಲು ದಾರಿ ಹಾಕಿದವರು ಬೊಲೋನ್ಯಾದ ಕರಾಚಿ ಮನೆತನದ ಕಲಾವಿದರು. ಇಟಾಲಿಯನ್‌ನಲ್ಲಿ 'ಕರಿಕಾರೆ' ಅಂದ್ರೆ ಹೊರೆ ಹೇರುವುದು. ಮೂಗು ಸ್ವಲ್ಪ ಉದ್ದ ಇದ್ದರೆ ಅದರ ಮೇಲೇ ಇನ್ನಷ್ಟು ಹೇರು ಅಂತ. 'ಕ್ಯಾರಿಕೇಚರ್' ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದಲೇ.

ಆ ಕಾಲದ ಶಾಯಿಯೂ ಸೊಗಸು. ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ), ಗೋಂದು ಸೇರಿಸಿ ಮಾಡುತ್ತಿದ್ದರು. ಬರೆದ ಮೇಲೆ ಕಪ್ಪಾಗುತ್ತದೆ, ವರ್ಷಗಳು ಕಳೆದಂತೆ ಕಂದು. ಹಕ್ಕಿಗರಿಯ ಲೇಖನಿಯಿಂದ ಎಳೆದ ಗೆರೆಯನ್ನು ಸುಮ್ನೆ ಅಳಿಸೋಕಾಗಲ್ಲ. ಕೈ ಇಡುವ ಮೊದಲೇ ಕಣ್ಣು ಎಲ್ಲವನ್ನೂ ನೋಡಿ ಮುಗಿಸಿರಬೇಕು.

ಆಮೇಲೆ ಬಂದ ರೋಮ್‌ನ ಚಿತ್ರಕಾರ ಗೆಟ್ಸಿ ಇಂಥ ವ್ಯಂಗ್ಯಚಿತ್ರಗಳನ್ನು ರಾಶಿರಾಶಿ ಬರೆದ. 1723ರಲ್ಲಿ ರೋಮ್‌ನಲ್ಲಿ ಒಪೆರಾ (ಸಂಗೀತ ನಾಟಕ) ಮಾಡಿದ, ಪಾದ್ರಿಯೂ ಆಗಿದ್ದ ಸಂಗೀತಗಾರ ವಿವಾಲ್ಡಿಯನ್ನೂ ಬಿಡಲಿಲ್ಲ. ದೊಡ್ಡ ಮೂಗಿನ ಪಕ್ಕನೋಟ, ಅಡಿಯಲ್ಲಿ 'ಕೆಂಪು ಪಾದ್ರಿ' ಅಂತ ಬರಹ. ವಿವಾಲ್ಡಿಯ ಕೂದಲು ಕೆಂಪು ನೋಡು.

ಮಾಚಿಕಾಯಿ, ಅನ್ನಭೇದಿ ಎರಡೂ ಗ್ರಂಧಿಗೆ ಅಂಗಡಿಯಿಂದ ತಂದಿಟ್ಟಿದ್ದೇನೆ. ಭಾನುವಾರ ಬಾ, ಶಾಯಿ ಮಾಡೋಣ. ಮೊದಲ ಚಿತ್ರ ನಿನ್ನದೇ.

ನಿನ್ನ ಗೆಳೆಯ