ಕೆಲಸ ಕೇಳುವಾಗ ಕೆಲಸ ಕೊಡಬೇಡ

ಚಿ. ನವೀನನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ‘ಕೆಲಸಕ್ಕೆ ಅರವತ್ತು ಕಡೆ ಅರ್ಜಿ ಹಾಕಿದೀನಿ ಚಿಕ್ಕಮ್ಮ, ಒಬ್ಬರೂ ಉತ್ತರ ಕೊಟ್ಟಿಲ್ಲ’ ಅಂತ ಬರೆದು ನಿನ್ನ ಮೇಲ್‌ಗಳನ್ನೆಲ್ಲ ಫಾರ್ವರ್ಡ್ ಮಾಡಿದ್ದೀಯಲ್ಲ, ಒಂದೊಂದಾಗಿ ನೋಡಿದೆ. ನಿನ್ನ ಓದಿನಲ್ಲಿ ಕೊರತೆಯಿಲ್ಲ. ಬಿ.ಕಾಂ. ಆಗಿದೆ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಬರುತ್ತೆ, ಹಾಸನದ ಆಡಿಟರ್ ಆಫೀಸಿನಲ್ಲಿ ಎಂಟು ತಿಂಗಳು ಜಿಎಸ್‌ಟಿ ರಿಟರ್ನ್ ಕೆಲಸ ಮಾಡಿದ್ದೀಯ. ಜೂನಿಯರ್ ಅಕೌಂಟೆಂಟ್ ಹುದ್ದೆಗೆ ಇಷ್ಟು ಸಾಕು. ಆದರೆ ಇದು ನಿನ್ನ ಮೇಲ್ ಓದಿದವರಿಗೆ ಗೊತ್ತಾಗುವುದೇ ಇಲ್ಲ. ಗೊತ್ತಾಗಬೇಕಾದರೆ ಅವರು ಅಟ್ಯಾಚ್‌ಮೆಂಟ್ ಇಳಿಸಿಕೊಂಡು, ಎರಡನೇ ಪುಟದ ಕೆಳಗಿನವರೆಗೆ ಹೋಗಬೇಕು. ಯಾರು ಹೋಗುತ್ತಾರೆ?

ಆ ಕಡೆ ಕೂತವರ ಪಾಡು ಸ್ವಲ್ಪ ತಿಳಿದುಕೊ. ಒಂದು ಹುದ್ದೆಗೆ ನೂರಾರು ಮೇಲ್ ಬಂದು ಬಿದ್ದಿರುತ್ತವೆ. ಅವರು ಮಾಡಬೇಕಾದದ್ದು ನಾಲ್ಕೇ: ಕಣ್ಣಾಡಿಸುವುದು, ಸರಿ ಕಂಡರೆ ಅಕೌಂಟ್ಸ್ ಮ್ಯಾನೇಜರಿಗೆ ಕಳಿಸುವುದು, ನಾಲ್ಕು ದಿನ ಬಿಟ್ಟು ಅದನ್ನೇ ಹುಡುಕಿ ತೆಗೆಯುವುದು, ಫೋನ್ ಮಾಡುವುದು. ಈ ನಾಲ್ಕರಲ್ಲಿ ಯಾವುದಕ್ಕೆ ತೊಡಕಾದರೂ ಅವರು ಮುಂದಿನ ಮೇಲ್‌ಗೆ ಹೋಗುತ್ತಾರೆ, ಅಷ್ಟೆ. ನಿನ್ನ ಮೇಲೆ ಕೋಪವೇನೂ ಇರುವುದಿಲ್ಲ.

ಮೊದಲನೇ ಎಡವಟ್ಟು ವಿಳಾಸದ್ದು. ಒಂದೇ ಮೇಲ್‌ನ ‘ಟು’ ಜಾಗದಲ್ಲಿ ಒಂಬತ್ತು ಕಂಪನಿಗಳ ವಿಳಾಸ ಹಾಕಿದ್ದೀಯ. ಒಂಬತ್ತು ಜನಕ್ಕೂ ಉಳಿದ ಎಂಟು ಜನ ಕಾಣುತ್ತಾರೆ. ಮದುವೆ ಕಾಗದ ಹಂಚಿದ ಹಾಗಾಯಿತು. ‘ಬಿಸಿಸಿ’ಯಲ್ಲಿ ಹಾಕಿದರೆ ಸರಿಯೇ ಅಂದರೆ, ಉಳಿದವರ ವಿಳಾಸ ಮರೆಯಾಗುತ್ತದೆ, ಆದರೆ ಅದು ಯಾರೊಬ್ಬರಿಗೂ ಅಂತ ಬರೆಯದ ಮೇಲ್ ಆಗಿಯೇ ಉಳಿಯುತ್ತದೆ. ಒಂದು ಕಂಪನಿಗೆ ಒಂದು ಮೇಲ್. ದಿನಕ್ಕೆ ಐದೇ ಆಗಲಿ.

ಸಬ್ಜೆಕ್ಟ್ ಸಾಲಿನಲ್ಲಿ ಬರೀ ‘ರೆಸ್ಯೂಮೆ’ ಅಂತ ಇದೆ, ಕೆಲವದರಲ್ಲಿ ಅದೂ ಇಲ್ಲ. ಅವರು ಆಮೇಲೆ ಹುಡುಕುವುದು ಈ ಸಾಲನ್ನೇ. ಹೀಗೆ ಬರೆ: ‘ಜೂನಿಯರ್ ಅಕೌಂಟೆಂಟ್, ಪೀಣ್ಯ – ಬಿ.ಕಾಂ., ಟ್ಯಾಲಿ, ಜಿಎಸ್‌ಟಿ 8 ತಿಂಗಳು – ನವೀನ್ ಎಚ್ ಆರ್’. ಜಾಹೀರಾತಿನಲ್ಲಿ ಹುದ್ದೆಗೆ ನಂಬರ್ ಕೊಟ್ಟಿದ್ದರೆ ಅದು ಎಲ್ಲಕ್ಕಿಂತ ಮುಂದೆ ಬರಲಿ. ಹುದ್ದೆಯ ಹೆಸರನ್ನು ಅವರು ಬರೆದ ಹಾಗೇ ಬರೆ; ಅವರು ‘ಅಕೌಂಟ್ಸ್ ಎಕ್ಸಿಕ್ಯುಟಿವ್’ ಅಂದಿದ್ದರೆ ನೀನೂ ಅದನ್ನೇ ಅನ್ನು.

‘ರೆಸ್ಪೆಕ್ಟೆಡ್ ಸರ್’ ಅಂತ ಎಲ್ಲ ಕಡೆ ಶುರು ಮಾಡಿದ್ದೀಯ. ಅರ್ಜಿ ನೋಡಿ ಆರಿಸುವ ಕೆಲಸದಲ್ಲಿ ಹೆಂಗಸರು ತುಂಬ ಇದ್ದಾರಪ್ಪ. ಜಾಹೀರಾತಿನಲ್ಲಿ ಹೆಸರಿದ್ದರೆ ಹೆಸರು ಹಿಡಿದೇ ಬರೆ, ಇಲ್ಲದಿದ್ದರೆ ‘ಡಿಯರ್ ಹೈರಿಂಗ್ ಟೀಮ್’ ಸಾಕು.

ಇನ್ನು ಮೇಲ್‌ನ ಒಡಲು. ನಿನ್ನ ಹಳೆಯ ಮೇಲ್‌ಗಳಲ್ಲಿ ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’ ಅನ್ನುವ ಒಂದೇ ಸಾಲು. ಹೊಸದರಲ್ಲಿ ಚಾಟ್‌ಜಿಪಿಟಿ ಬರೆದುಕೊಟ್ಟ ಒಂದೂವರೆ ಪುಟ. ಅದರಲ್ಲೊಂದು ಮೇಲ್ ‘ಕಂಪನಿಯ ಹೆಸರು ಇಲ್ಲಿ’ ಅನ್ನುವ ಚೌಕ ಕಂಸದ ಸಮೇತ ಹೊರಟುಹೋಗಿದೆ, ಗಮನಿಸಿದೆಯಾ? ಇಂಗ್ಲಿಷ್ ತಿದ್ದಿಸಿಕೊಳ್ಳುವುದಕ್ಕೆ ಬೇಕಾದರೆ ಅದನ್ನು ಬಳಸು, ವಿಷಯ ನಿನ್ನದಿರಲಿ. ಆರು ಸಾಲು ಸಾಕು. ಯಾವ ಹುದ್ದೆ, ಜಾಹೀರಾತು ಎಲ್ಲಿ ನೋಡಿದೆ ಅನ್ನುವುದು ಒಂದು ಸಾಲು. ಮಾಡಿದ ಕೆಲಸ ಎರಡು ಸಾಲು: ತಿಂಗಳಿಗೆ ಎಷ್ಟು ಕ್ಲೈಂಟ್‌ಗಳ ಜಿಎಸ್‌ಟಿಆರ್-1 ಮತ್ತು 3ಬಿ ರಿಟರ್ನ್ ತಯಾರು ಮಾಡುತ್ತಿದ್ದೆ, ಬ್ಯಾಂಕ್ ರಿಕನ್ಸಿಲಿಯೇಷನ್ (ಬ್ಯಾಂಕಿನ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ತಾಳೆ ನೋಡುವುದು) ನೀನೇ ಮಾಡುತ್ತಿದ್ದೆಯೋ ಇನ್ನೊಬ್ಬರಿಗೆ ಕೈಜೋಡಿಸುತ್ತಿದ್ದೆಯೋ. ಇದ್ದದ್ದನ್ನು ಇದ್ದ ಹಾಗೆ ಬರೆ, ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದೇ ಅದನ್ನು. ನಾಲ್ಕನೆಯದು, ಅವರ ಜಾಹೀರಾತಿನಲ್ಲಿ ವಿಶೇಷವಾಗಿ ಕೇಳಿದ ಒಂದಕ್ಕೆ ಉತ್ತರ. ಸರಕು ಸಾಗಿಸಲು ಬೇಕಾಗುವ ಇ-ವೇ ಬಿಲ್ ಗೊತ್ತಿರಬೇಕು ಅಂದಿದ್ದರೆ ಅದರ ಬಗ್ಗೆ. ಐದನೆಯದು, ಈಗ ಹಾಸನದಲ್ಲಿದ್ದೀಯ, ಎಷ್ಟು ದಿನದಲ್ಲಿ ಬೆಂಗಳೂರಿಗೆ ಬಂದು ಸೇರಬಲ್ಲೆ ಅನ್ನುವುದು. ಊರಿನ ಹೆಸರು ನೋಡಿ ‘ಈ ಹುಡುಗ ಬರುತ್ತಾನೋ ಇಲ್ಲವೋ’ ಅಂತ ಅನುಮಾನ ಬರುವುದು ಸಹಜ, ಅವರು ಕೇಳುವ ಮೊದಲೇ ಅದನ್ನು ಮುಗಿಸು. ಕೊನೆಗೆ ಹೆಸರು, ಅದರ ಕೆಳಗೆ ಫೋನ್ ನಂಬರ್. ನಂಬರ್ ರೆಸ್ಯೂಮೆಯಲ್ಲಿದೆ ಅಂತ ಬಿಡಬೇಡ.

ಬರೆಯುವ ಕ್ರಮವನ್ನೂ ತಿರುಗಿಸು. ಮೊದಲು ಫೈಲ್ ಅಟ್ಯಾಚ್ ಮಾಡು, ಆಮೇಲೆ ಒಡಲು, ಆಮೇಲೆ ಸಬ್ಜೆಕ್ಟ್, ವಿಳಾಸ ಕಟ್ಟಕಡೆಗೆ. ವಿಳಾಸವಿಲ್ಲದ ಮೇಲ್ ಕೈತಪ್ಪಿ ಹೋಗುವುದಕ್ಕೆ ಸಾಧ್ಯವೇ ಇಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ, ‘ಅನ್‌ಡು ಸೆಂಡ್’ ಅನ್ನುವಲ್ಲಿ 5 ಸೆಕೆಂಡ್ ಇದ್ದರೆ ಅದನ್ನು 30 ಮಾಡಿಬಿಡು. ಹೋದ ಮೇಲ್ ಅನ್ನು ಅರ್ಧ ನಿಮಿಷದೊಳಗೆ ಹಿಂದಕ್ಕೆಳೆಯಬಹುದು. ತಪ್ಪುಗಳು ಕಣ್ಣಿಗೆ ಬೀಳುವುದು ಸೆಂಡ್ ಒತ್ತಿದ ಮರುಕ್ಷಣವೇ ತಾನೆ.

ಅಂದ ಹಾಗೆ ನಿನ್ನ ಮೇಲ್‌ಗಳಲ್ಲಿ ಅರ್ಧಕ್ಕರ್ಧ ಭಾವನ, ಅಂದರೆ ನಿನ್ನಪ್ಪನ ಮೇಲ್ ಐಡಿಯಿಂದ ಹೋಗಿವೆ. ನನಗೆ ಬಂದದ್ದು ‘ರಂಗಸ್ವಾಮಿ ಟ್ರೇಡರ್ಸ್’ ಹೆಸರಿನಲ್ಲಿ. ಅಪ್ಪನ ಅಂಗಡಿಯಿಂದ ಬಂದ ಅರ್ಜಿಯನ್ನು ಯಾವುದೋ ಕೊಟೇಶನ್ ಅಂದುಕೊಂಡು ಬದಿಗಿಟ್ಟಿರುತ್ತಾರೆ. ನಿನ್ನ ಹೆಸರಿರುವ ಐಡಿ ಒಂದನ್ನು ಮಾಡಿಕೊ, ‘ರಾಕಿಂಗ್’, ‘ಕಿಂಗ್’ ಏನೂ ಬೇಡ.

ರೆಸ್ಯೂಮೆ ಬಗ್ಗೆ ಮೂರು ಮಾತು. ಫೈಲಿನ ಹೆಸರು ‘ರೆಸ್ಯೂಮೆ ನ್ಯೂ ಫೈನಲ್ 2’ ಅಂತಿದೆ. ಅವರ ಕಂಪ್ಯೂಟರಿನಲ್ಲಿ ಆ ಹೆಸರಿನ ಇಪ್ಪತ್ತು ಫೈಲ್ ಇರುತ್ತವೆ. ನಿನ್ನ ಹೆಸರು, ಹುದ್ದೆ, ಇಷ್ಟೇ ಇರಲಿ. ಎರಡನೆಯದು, ಅದು ಪ್ರಿಂಟ್ ತೆಗೆದು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್. ನೋಡುವವರಿಗೆ ಅಕ್ಷರ, ಕಂಪ್ಯೂಟರಿಗೆ ಬರೀ ಚಿತ್ರ. ‘ಟ್ಯಾಲಿ’ ಅಂತ ಹುಡುಕಿದರೆ ನಿನ್ನದು ಸಿಗದೇ ಹೋಗಬಹುದು. ವರ್ಡ್‌ನಿಂದ ನೇರವಾಗಿ ಪಿಡಿಎಫ್ ಆಗಿ ಸೇವ್ ಮಾಡು. ಮೌಸ್ ಎಳೆದಾಗ ಅಕ್ಷರಗಳು ಸೆಲೆಕ್ಟ್ ಆದರೆ ಸರಿಯಾಗಿದೆ ಅಂತ ಲೆಕ್ಕ. ಕ್ಯಾನ್ವಾದ ಎರಡು ಕಾಲಮ್ಮಿನ ಬಣ್ಣದ ಮಾದರಿಗಳೂ ಕೆಲಸದ ಅರ್ಜಿ ತುಂಬುವ ಪೋರ್ಟಲ್‌ಗಳಲ್ಲಿ ಕಲಸುಮೇಲೋಗರವಾಗಬಹುದು, ಎಡಗಡೆಯ ಸಾಲಿಗೆ ಬಲಗಡೆಯದು ಅಂಟಿಕೊಳ್ಳಬಹುದು. ಎಕ್ಸೆಲ್‌ಗೆ ಐದರಲ್ಲಿ ನಾಲ್ಕು ಚುಕ್ಕೆ ಕೊಟ್ಟುಕೊಂಡಿದ್ದೀಯಲ್ಲ, ಅದಕ್ಕೇನರ್ಥ? ‘ವಿ-ಲುಕಪ್, ಪಿವಟ್ ಟೇಬಲ್ ಬರುತ್ತೆ’ ಅಂತ ಬರೆ. ಮೂರನೆಯದು, ಆಧಾರ್, ಪ್ಯಾನ್, ಅಂಕಪಟ್ಟಿ ಎಲ್ಲವನ್ನೂ ಮೊದಲ ಮೇಲ್‌ಗೇ ಲಗತ್ತಿಸಬೇಡ. ಆಫರ್ ಬಂದ ಮೇಲೆ ಕೇಳುತ್ತಾರೆ. ಅದಕ್ಕೂ ಮೊದಲು ಯಾರಾದರೂ ಒತ್ತಾಯ ಮಾಡಿದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಯುಐಡಿಎಐ ವೆಬ್‌ಸೈಟಿನಲ್ಲೇ ಸಿಗುತ್ತದೆ. ತಂದೆಯ ಹೆಸರು, ಜಾತಿ, ಮದುವೆ, ‘ಐ ಹಿಯರ್‌ಬೈ ಡಿಕ್ಲೇರ್’ ಇವೆಲ್ಲ ತೆಗೆದರೆ ನಿನ್ನದು ಒಂದೇ ಪುಟಕ್ಕೆ ಬರುತ್ತೆ.

ಡ್ರೈವ್ ಲಿಂಕ್ ಕಳಿಸುವುದಾದರೆ ಅನುಮತಿಯನ್ನು ‘ಲಿಂಕ್ ಇರುವ ಯಾರು ಬೇಕಾದರೂ’ ಅಂತ ಮಾಡಿರಬೇಕು. ಇಲ್ಲದಿದ್ದರೆ ಅವರು ನಿನ್ನನ್ನು ಅನುಮತಿ ಕೇಳಿ ಕಾಯಬೇಕು, ಯಾರೂ ಕಾಯುವುದಿಲ್ಲ. ಸಹಕಾರ ಸಂಘ, ಪತ್ರಿಕೆಯಂಥ ಕಡೆ ಕನ್ನಡದಲ್ಲೇ ಅರ್ಜಿ ಬರೆದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡು. ಹಳೆಯ ನುಡಿ, ಬರಹ ಫಾಂಟಿನ ವರ್ಡ್ ಫೈಲ್ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ.

ಪೋರ್ಟಲ್ ಫಾರ್ಮ್‌ಗಳಲ್ಲಿ ನಮ್ಮ ಕಡೆಯವರಿಗೆ ಬರುವ ಒಂದು ತಾಪತ್ರಯ ಇನಿಷಿಯಲ್‌ದು. ‘ಲಾಸ್ಟ್ ನೇಮ್’ ಕಡ್ಡಾಯ ಅಂದ ಕಡೆ ಒಂದು ಸಲ ಚುಕ್ಕೆ ಇಟ್ಟಿದ್ದೀಯ, ಒಂದು ಸಲ ಅಪ್ಪನ ಹೆಸರು, ಒಂದು ಸಲ ಊರಿನ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆ, ಮೊದಲನೆಯದರಲ್ಲಿ ‘ನವೀನ್’, ಎರಡನೆಯದರಲ್ಲಿ ‘ಎಚ್ ಆರ್’, ಎಲ್ಲ ಕಡೆ ಅದೇ ಇರಲಿ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಪ್ಯಾನ್ ಕಾರ್ಡಿನಲ್ಲಿ ಹೆಸರು ಉದ್ದವಾಗಿರಬಹುದು. ಆ ವ್ಯತ್ಯಾಸವನ್ನು ದಾಖಲೆ ಕೊಡುವ ಹೊತ್ತಿಗೆ ಹೇಳಿದರಾಯಿತು.

‘ಎಕ್ಸ್‌ಪೆಕ್ಟೆಡ್ ಸಿಟಿಸಿ’ ಅಂದರೆ ಕಂಪನಿ ನಿನಗಾಗಿ ಮಾಡುವ ಒಟ್ಟು ಖರ್ಚು, ವರ್ಷದ ಲೆಕ್ಕದಲ್ಲಿ. ನೀನು 20,000 ಅಂತ ತುಂಬಿದ್ದೀಯ, ವರ್ಷಕ್ಕೆ ಇಪ್ಪತ್ತು ಸಾವಿರಕ್ಕೆ ದುಡಿಯಲು ಹೊರಟ ಹಾಗೆ. 2,40,000 ಅಂತ ಬರೆಯಬೇಕಿತ್ತು. ಅದೂ ಕೈಗೆ ಬರುವ ಸಂಬಳವಲ್ಲ. ತಿಂಗಳ 20,000ದಲ್ಲಿ ಬೇಸಿಕ್ 10,000 ಇದೆ ಅನ್ನು: ಕಂಪನಿ ಪಾಲಿನ ಪಿಎಫ್ 1,200, ಗ್ರಾಚ್ಯುಟಿ ಅಂತ 481, ನಿನ್ನ ಪಾಲಿನ ಪಿಎಫ್ ಇನ್ನೊಂದು 1,200 ಹೋದರೆ ಉಳಿಯುವುದು 17,119. ನೌಕರರ ವಿಮೆ ಇಎಸ್‌ಐ ಇದ್ದರೆ ಇನ್ನೂ ಇಳಿಯುತ್ತದೆ. ಪಿಜಿ ಬಾಡಿಗೆ, ಊಟ, ಬಸ್ಸು ಲೆಕ್ಕ ಹಾಕಿ, ಆಮೇಲೆ ಅಂಕಿ ತುಂಬು.

ಸಣ್ಣ ಕಾರ್ಖಾನೆಗಳವರು ವಾಟ್ಸ್‌ಆ್ಯಪ್ ನಂಬರ್ ಕೊಡುತ್ತಾರೆ. ಅಲ್ಲಿ ‘ಹಾಯ್ ಸರ್’ ಅಂತ ಹಾಕಿ ಉತ್ತರಕ್ಕೆ ಕಾಯುವುದು ದೊಡ್ಡ ತಪ್ಪು. ಯಾರು, ಏನು ಅಂತ ಅವರೇ ಕೇಳಬೇಕಾ? ಮೇಲೆ ಹೇಳಿದ ಆರು ಸಾಲನ್ನು ಮೂರಕ್ಕಿಳಿಸಿ ಒಂದೇ ಮೆಸೇಜಿನಲ್ಲಿ ಕಳಿಸು, ರೆಸ್ಯೂಮೆಯನ್ನು ಫೋಟೋ ಆಗಿ ಅಲ್ಲ, ‘ಡಾಕ್ಯುಮೆಂಟ್’ ಆಗಿ ಹಾಕು. ವಾಯ್ಸ್ ಮೆಸೇಜ್ ಬೇಡ, ನೀಲಿ ಟಿಕ್ ಬಿತ್ತು ಅಂತ ಕರೆ ಮಾಡಬೇಡ. ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಕೆಳಗೆ ‘ಇಂಟರೆಸ್ಟೆಡ್’ ಅಂತ ಬರೆದು ಫೋನ್ ನಂಬರ್ ಬಿಟ್ಟು ಬರುತ್ತೀಯಲ್ಲ, ಆ ನಂಬರನ್ನು ತಪ್ಪದೆ ಹೆಕ್ಕಿಕೊಳ್ಳುವವರು ಮೋಸಗಾರರು. ಇದ್ದದ್ದನ್ನೆಲ್ಲ ಇವತ್ತೇ ಅಳಿಸು.

ಮೋಸದ ಮಾತು ಬಂತು. ‘@’ ನಂತರ ಜಿಮೇಲ್ ಇದ್ದ ಮಾತ್ರಕ್ಕೆ ಮೋಸವಲ್ಲ, ಎಷ್ಟೋ ನಿಜವಾದ ಸಣ್ಣ ಫರ್ಮ್‌ಗಳು ಜಿಮೇಲನ್ನೇ ಬಳಸುತ್ತವೆ. ನೀನು ಅಕೌಂಟ್ಸ್ ಹುಡುಗ, ಅವರ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ನಂಬರ್) ಕೇಳಿ ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿ ನೋಡು, ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೇ ಎಲ್ಲ ಕಾಣುತ್ತದೆ. ಬೇರೆಯವರ ನಂಬರನ್ನೇ ತೋರಿಸುವವರೂ ಇರುತ್ತಾರೆ, ಆದ್ದರಿಂದ ಇಂಟರ್‌ವ್ಯೂಗೆ ಕರೆದ ವಿಳಾಸವೂ ಅದೂ ತಾಳೆಯಾಗಬೇಕು. ರಿಜಿಸ್ಟ್ರೇಷನ್, ಟ್ರೇನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಯಾವ ಹೆಸರಿನಲ್ಲಿ ದುಡ್ಡು ಕೇಳಿದರೂ ಅಲ್ಲಿಗೆ ಮುಗಿಸು. ಕೊಟ್ಟುಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಬೇಗ ಹೇಳಿದವರಿಗೆ.

ಉತ್ತರ ಬಾರದಿದ್ದರೆ ಒಂದು ವಾರ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಆಗಿ ಎರಡು ಸಾಲು ಬರೆ, ಹೊಸ ಮೇಲ್ ಬೇಡ. ದಿನ ನೋಡಿ ಬರೆ. ಅಕೌಂಟ್ಸ್‌ನವರಿಗೆ ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ 3ಬಿ, ಹೀಗೆ ಒಂದೊಂದಕ್ಕೆ ಗಡುವು. ಆ ದಿನಗಳಲ್ಲಿ ದೇವರು ಮೇಲ್ ಹಾಕಿದರೂ ಅವರು ತೆಗೆಯುವುದಿಲ್ಲ. 22ರಿಂದ 28ರೊಳಗೆ, ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಬರೆ. ಎರಡು ಸಲ ಕೇಳಿದ ಮೇಲೆ ಬಿಟ್ಟುಬಿಡು.

ಇದಕ್ಕೆಲ್ಲ ಒಂದು ಎಕ್ಸೆಲ್ ಹಾಳೆ ಇಟ್ಟುಕೊ: ತಾರೀಖು, ಕಂಪನಿ, ಹುದ್ದೆ, ಯಾವ ವಿಳಾಸಕ್ಕೆ, ಕೇಳಿದ ಸಂಬಳ, ಮರುನೆನಪಿನ ದಿನ. ಫೋನ್ ಬಂದಾಗ ‘ಯಾವ ಕಂಪನಿ ಸರ್?’ ಅಂತ ಕೇಳುವಂತಾಗಬಾರದು. ಗೊತ್ತಿಲ್ಲದ ನಂಬರ್ ಅಂತ ಕತ್ತರಿಸಲೂ ಬೇಡ, ಈಗ ಬರುವ ಕರೆಗಳೆಲ್ಲ ಗೊತ್ತಿಲ್ಲದ ನಂಬರಿನವೇ.

ಭಾನುವಾರದೊಳಗೆ ಹೊಸ ಐಡಿಯಿಂದ ನನಗೇ ಒಂದು ಅರ್ಜಿ ಹಾಕು, ನಾನೇ ಕಂಪನಿ ಅಂದುಕೊಂಡು. ಸಬ್ಜೆಕ್ಟ್ ಇಲ್ಲದಿದ್ದರೆ ತೆರೆಯುವುದಿಲ್ಲ, ನೋಡು. ಹುಣಸೆಹಣ್ಣು ತಲುಪಿತು ಅಂತ ಅಕ್ಕನಿಗೆ ಹೇಳು.

ಇಂತಿ,
ನಿನ್ನ ಚಿಕ್ಕಮ್ಮ